ಹಳೇ ಹಿಂದಿ ಸಿನಿಮಾದ ಪ್ರೀತಿ, ಮದುವೆ, ಶಕುನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಹಿಂದಿ ಪ್ರೇಮಕಥೆಗಳ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಪತ್ರದಲ್ಲಿ ಬಂದವು, ಹರಟೆಯಲ್ಲಿ ಬಂದವು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕಥೆಯ ಕೊನೆ ಹೇಳದೆ ಈ ವಿಷಯ ಮಾತಾಡುವುದು ಕಷ್ಟ. ಸಿನಿಮಾ ಇನ್ನೂ ನೋಡಿಲ್ಲದವರು ಆ ಉತ್ತರವನ್ನು ದಾಟಿ ಮುಂದೆ ಹೋಗಬಹುದು.

## ಹೊಸದಾಗಿ ನೋಡುವವರಿಗೆ

ಕ್ಲಾಸಿಕ್ ಅಂದ್ರೆ ಯಾವ ಕಾಲದ್ದು? ಎಲ್ಲಿಂದ ಶುರು ಮಾಡ್ಲಿ?

ಹೆಚ್ಚುಕಡಿಮೆ 1949ರ 'ಮಹಲ್'ನಿಂದ 1975ರ 'ಶೋಲೆ'ವರೆಗಿನ ಕಾಲ ಅಂತಿಟ್ಟುಕೊಳ್ಳಿ. ಆಚೀಚೆ ಒಂದೆರಡು ಚಿತ್ರಗಳೂ ಬರುತ್ತವೆ. ಒಂದೇ ಒಂದು ನೋಡುತ್ತೇನೆ ಅನ್ನುವವರಿಗೆ ಬಿಮಲ್ ರಾಯ್ ಅವರ 'ಮಧುಮತಿ' (1958) ಸಾಕು. ಪ್ರೀತಿ, ದರ್ಪದ ಜಮೀನ್ದಾರ, ದೆವ್ವ, ಹಿಂದಿನ ಜನ್ಮ, ಸಲಿಲ್ ಚೌಧರಿ ಅವರ ಹಾಡುಗಳು, ಎಲ್ಲವೂ ಅದೊಂದರಲ್ಲೇ ಸಿಗುತ್ತವೆ. ಇದರ ಕಥೆ ಬರೆದವರು ಋತ್ವಿಕ್ ಘಟಕ್. ದೇಶವಿಭಜನೆಯ ನೋವನ್ನು ತೆರೆಗೆ ತಂದ ಅದೇ ಘಟಕ್ ಅಂದರೆ ಎಷ್ಟೋ ಜನ ನಂಬುವುದಿಲ್ಲ.

ಬೈತಲೆಗೆ ಸಿಂಧೂರ ಹಚ್ಚಿದ ಕೂಡಲೇ ಮದುವೆ ಆಗಿಹೋಯ್ತಾ? ತಾಳಿ ಕಟ್ಟೋದೇ ಇಲ್ವಾ?

ನಮ್ಮ ಕಡೆ ಮದುವೆ ಅಂದರೆ ತಾಳಿ. ಗಟ್ಟಿಮೇಳ ಬಾರಿಸುವುದೂ ಆ ಕ್ಷಣಕ್ಕೇ. ಉತ್ತರದ ಹೆಚ್ಚಿನ ಕಡೆ ಬೈತಲೆಯ ಸಿಂಧೂರಕ್ಕೂ ಅಗ್ನಿಯ ಸುತ್ತ ಹಾಕುವ ಫೇರೆಗೂ ಆ ಜಾಗ. ಸಿನಿಮಾದವರಿಗೆ ಸಿಂಧೂರ ಇನ್ನೂ ಅನುಕೂಲ. ಒಂದು ಚಿಟಿಕೆ ಸಾಕು, ಪುರೋಹಿತರು ಬೇಡ, ಕ್ಲೋಸಪ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಗಂಡ ಸತ್ತ ಅಂತ ತೋರಿಸಲೂ ಅದನ್ನು ಒರೆಸಿದರೆ ಸಾಕು, ಮಾತೇ ಬೇಡ. ಬೆರಳಿಗೆ ಗಾಯವಾಗಿ ರಕ್ತವೇ ಬೈತಲೆಗೆ ತಾಗುವುದನ್ನೂ ಮದುವೆ ಅಂತ ನಂಬಿಸುವ ಚಿತ್ರಗಳಿವೆ. ಅಷ್ಟು ದೂರ ಹೋದರೆ ನನಗೆ ನಗು ಬರುತ್ತದೆ. ಆದರೆ ಆ ಕಾಲದ ಪ್ರೇಕ್ಷಕರು ನಗುತ್ತಿರಲಿಲ್ಲ.

ಪೂಜೆ ತಟ್ಟೆ ಬಿತ್ತು ಅಂದ್ರೆ ಅತ್ತ ಗಂಡನಿಗೆ ಏನೋ ಆಯ್ತು ಅಂತಾನೇ ಅರ್ಥನಾ?

ನೂರಕ್ಕೆ ತೊಂಬತ್ತು ಸಲ ಹೌದು. ದೀಪ ಆರುವುದು, ಬಳೆ ಒಡೆಯುವುದು, ಕುಂಕುಮದ ಭರಣಿ ಚೆಲ್ಲುವುದು, ಗೋಡೆಯ ಫೋಟೋ ಬೀಳುವುದು, ಎಲ್ಲವೂ ಒಂದೇ ಜಾತಿಯವು. ಇದರಲ್ಲಿ ನಂಬಿಕೆಗಿಂತ ಕಸುಬಿನ ಲೆಕ್ಕಾಚಾರವೇ ಜಾಸ್ತಿ. ಮನೆ ಮನೆಗೆ ಫೋನ್ ಇಲ್ಲದ ಕಾಲ. ಮನೆಯಲ್ಲಿರುವ ಹೆಂಡತಿಗೂ ದೂರದಲ್ಲಿರುವ ಗಂಡನಿಗೂ ಒಂದೇ ಕ್ಷಣದಲ್ಲಿ ಕೊಂಡಿ ಹಾಕಬೇಕಲ್ಲ, ಅದಕ್ಕೆ ಬೀಳುವ ತಟ್ಟೆಗಿಂತ ಅಗ್ಗದ ಉಪಾಯ ಸಿಗಲಿಕ್ಕಿಲ್ಲ. ಜೊತೆಗೆ ಒಂದು ಗುಡುಗು, ಪಿಟೀಲಿನ ಒಂದು ಕಿರುಚು. 'ಮಧುಮತಿ'ಯ ಕೊನೆಯಲ್ಲಿ ಬಿಮಲ್ ರಾಯ್ ಇದನ್ನೇ ತಿರುಗಿಸಿಬಿಡುತ್ತಾರೆ. ಬಿರುಗಾಳಿಯ ರಾತ್ರಿ, ಕುಸಿದ ರಸ್ತೆ, ರೈಲು ಅಪಘಾತದ ಸುದ್ದಿ, ಶಕುನಗಳೆಲ್ಲ ಕೆಟ್ಟವೇ. ಆದರೆ ಹೆಂಡತಿ, ಮಗು ಎರಡೂ ಸುಖವಾಗಿ ಇಳಿದು ಬರುತ್ತಾರೆ.

ಕರ್ವಾ ಚೌತ್ ಅಂದ್ರೆ ನಮ್ಮ ಭೀಮನ ಅಮಾವಾಸ್ಯೆ ತರಾನೇ ಅಲ್ವಾ?

ಉದ್ದೇಶ ಒಂದೇ, ರೀತಿ ಬೇರೆ. ಭೀಮನ ಅಮಾವಾಸ್ಯೆ ಆಷಾಢದ್ದು. ದೀಪಸ್ತಂಭದ ಪೂಜೆ, ಕೈಗೆ ದಾರ, ಗಂಡನ ಪಾದಪೂಜೆ, ಭಂಡಾರ ಒಡೆಯುವುದು ಇರುತ್ತದೆ. ಮದುವೆಯಾಗದ ಹುಡುಗಿಯರೂ ಮಾಡುತ್ತಾರೆ. ಕರ್ವಾ ಚೌತ್ ಪಂಜಾಬ್, ಹರಿಯಾಣ, ರಾಜಸ್ಥಾನ, ಉತ್ತರ ಪ್ರದೇಶದ ಕಡೆಯದು. ನಮ್ಮ ಪಂಚಾಂಗದ ಲೆಕ್ಕದಲ್ಲಿ ಆಶ್ವಯುಜ ಬಹುಳ ಚೌತಿಗೆ ಬರುತ್ತದೆ. ದಿನವಿಡೀ ನೀರೂ ಕುಡಿಯದೆ ಇದ್ದು, ರಾತ್ರಿ ಜರಡಿಯಲ್ಲಿ ಚಂದ್ರನನ್ನು ನೋಡಿ ಗಂಡನ ಕೈಯಿಂದ ನೀರು ಕುಡಿಯುತ್ತಾರೆ.

ಇಡೀ ದೇಶಕ್ಕೆ ಇದು ಗೊತ್ತಾಗಿದ್ದು 1995ರ 'ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ' ಬಂದ ಮೇಲೆ. ಅದರಲ್ಲಿ ಒಂದು ಜಾಣತನ ಇದೆ, ಗಮನಿಸಿ. ಸಿಮ್ರನ್‌ಗೆ ನಿಶ್ಚಯವಾಗಿರುವುದು ಬೇರೆ ಗಂಡಿನ ಜೊತೆ. ಅವಳು ತಲೆ ಸುತ್ತಿ ಬಿದ್ದ ಹಾಗೆ ನಟಿಸುತ್ತಾಳೆ, ರಾಜ್ ಓಡಿಬಂದು ನೀರು ಕುಡಿಸುತ್ತಾನೆ. ವ್ರತಕ್ಕೂ ಭಂಗವಿಲ್ಲ, ಅವಳ ಇಷ್ಟಕ್ಕೂ ಭಂಗವಿಲ್ಲ. ಬಾಯಿಬಿಟ್ಟು ಹೇಳಲಾಗದ್ದನ್ನು ಅವಳು ವ್ರತದ ನೆಪದಲ್ಲಿ ಸಾಧಿಸಿಕೊಂಡಳು.

## ಇನ್ನೂ ಸ್ವಲ್ಪ ಒಳಗೆ

ಗುಡಿಯಲ್ಲಿ ಇಬ್ಬರೇ ನಿಂತು ಮದುವೆ ಆಗ್ತಾರಲ್ಲ, ಅದು ಕಾನೂನಿನಲ್ಲಿ ನಿಲ್ಲುತ್ತಾ?

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ, ಗಂಡು ಅಥವಾ ಹೆಣ್ಣಿನ ಕಡೆಯ ಸಂಪ್ರದಾಯದಂತೆ ವಿಧಿ ನಡೆಯಬೇಕು. ಸಪ್ತಪದಿ ಇರುವ ಸಂಪ್ರದಾಯವಾದರೆ ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. 2024ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ವಿಧಿಯೇ ನಡೆಯದೆ ಬರೀ ಪ್ರಮಾಣಪತ್ರ ಇಟ್ಟುಕೊಂಡರೆ ಈ ಕಾಯ್ದೆಯ ಕೆಳಗೆ ಅದು ಮದುವೆ ಅಲ್ಲ ಅಂತ. ಶಾಸ್ತ್ರ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ.

ಆದರೆ ಸಿನಿಮಾದ ಸಮಸ್ಯೆ ಕಲಂ ಅಲ್ಲ, ಸಾಕ್ಷಿ. 'ಆರಾಧನಾ' (1969) ನೋಡಿ. ವಂದನಾ ಮತ್ತು ವಾಯುಪಡೆಯ ಅರುಣ್ ಮನೆಯವರಿಗೆ ಹೇಳದೆ ಗುಡಿಯಲ್ಲಿ ಮದುವೆಯಾಗುತ್ತಾರೆ. ಅರುಣ್ ಸಾಯುತ್ತಾನೆ. ಹೊಟ್ಟೆಯಲ್ಲಿ ಮಗು ಇರುವ ವಂದನಾಳನ್ನು ಅವನ ಮನೆಯವರು ನಂಬುವುದಿಲ್ಲ. ಮುಂದೆ ಅವಳು ಹೆತ್ತ ಮಗನನ್ನೇ ಆಯಾ ಆಗಿ ಸಾಕಬೇಕಾಗುತ್ತದೆ. ದೇವರು ನೋಡಿದ್ದಾನೆ ಅನ್ನುವುದು ಇಬ್ಬರಿಗೆ ಸಾಕಾಗಿತ್ತು, ಊರಿಗೆ ಸಾಕಾಗಲಿಲ್ಲ. ಹಾಡುಗಳಿಗೆ ಮರುಳಾಗಿ ನಾವು ಈ ಭಾಗ ಮರೆತುಬಿಡುತ್ತೇವೆ.

ಜಾತಕ ಕೂಡಿಬರಲಿಲ್ಲ ಅಂತ ಪ್ರೀತಿ ಮುರಿಯೋದು ಯಾಕೆ ಅಷ್ಟು ಕಡಿಮೆ?

ಒಳ್ಳೇ ಪ್ರಶ್ನೆ. ನಿಜವಾದ ಮದುವೆಗಳಲ್ಲಿ ಅಷ್ಟೊಂದು ಕಾಡುವ ಜಾತಕ ತೆರೆಯ ಮೇಲೆ ಬಹಳ ಸಲ ನೆಪವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಅಡ್ಡಿ ಬೇರೆಯೇ: ಮನೆತನ, ದುಡ್ಡು, ಜಾತಿ. 'ದೇವದಾಸ್'ನಲ್ಲಿ (1955) ಪಾರು ಪಕ್ಕದ ಮನೆಯವಳೇ, ಆದರೂ ಜಮೀನ್ದಾರರ ಮಟ್ಟಕ್ಕೆ ಅವಳ ಮನೆತನ ಸಾಲದು. 'ಸುಜಾತಾ'ದಲ್ಲಿ (1959) ಬಿಮಲ್ ರಾಯ್ ನೇರವಾಗಿ ಜಾತಿಗೇ ಕೈ ಹಾಕುತ್ತಾರೆ. ಅಸ್ಪೃಶ್ಯ ದಂಪತಿಯ ಅನಾಥ ಮಗುವನ್ನು ಬ್ರಾಹ್ಮಣ ಎಂಜಿನಿಯರ್ ಮನೆ ಸಾಕುತ್ತದೆ, ಆದರೆ ಮಗಳು ಅಂತ ಒಪ್ಪುವುದಿಲ್ಲ. ಸಾಕುತಾಯಿ ಮೆಟ್ಟಿಲಿಂದ ಬಿದ್ದು ರಕ್ತ ಬೇಕಾದಾಗ ಹೊಂದುವುದು ಸುಜಾತಾಳ ರಕ್ತ ಮಾತ್ರ. ಮೈಲಿಗೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಈ ಪರಿಹಾರ ಸ್ವಲ್ಪ ಸಲೀಸಾಯಿತು ಅಂತ ನನಗೆ ಅನಿಸುತ್ತದೆ. ರಕ್ತ ಹೊಂದದೇ ಇದ್ದಿದ್ದರೆ? ಆಗಲೂ ಅವಳು ಮಗಳೇ ತಾನೆ?

ಜಾತಕ, ವರದಕ್ಷಿಣೆ, ಪುರೋಹಿತರು ಎಲ್ಲವನ್ನೂ ಬಿಟ್ಟು ಕುವೆಂಪು ನಮ್ಮಲ್ಲಿ ಮಂತ್ರಮಾಂಗಲ್ಯ ತಂದಿದ್ದು 1960ರ ದಶಕದಲ್ಲೇ. ಅಷ್ಟು ಸರಳ ಮದುವೆಯನ್ನು ತೋರಿಸುವ ಧೈರ್ಯ ಬೊಂಬಾಯಿಯ ದೊಡ್ಡ ಚಿತ್ರಗಳಿಗೆ ಇರಲಿಲ್ಲ ಬಿಡಿ. ಬ್ಯಾಂಡು, ಬಾರಾತು ಇಲ್ಲದಿದ್ದರೆ ಟಿಕೆಟ್ ಯಾರು ಕೊಳ್ಳುತ್ತಾರೆ?

'ನಯಾ ದೌರ್'ನಲ್ಲಿ ಗೆಳೆಯರಿಬ್ಬರೂ ಹೂವಿನ ಮೇಲೆ ಹುಡುಗಿಯನ್ನು ಬಿಟ್ಟಿದ್ದು ಸರಿನಾ?

ನನಗೆ ಈ ಪ್ರಶ್ನೆ ತುಂಬಾ ಇಷ್ಟ. 1957ರ ಚಿತ್ರ, ಬಿ.ಆರ್. ಚೋಪ್ರಾ ಅವರದು. ಶಂಕರ್ ಮತ್ತು ಕೃಷ್ಣ ಜೀವದ ಗೆಳೆಯರು. ಇಬ್ಬರಿಗೂ ರಜನಿಯ ಮೇಲೆ ಮನಸ್ಸು. ಜಗಳ ಬೇಡ ಅಂತ ಒಂದು ಒಪ್ಪಂದ ಮಾಡಿಕೊಳ್ಳುತ್ತಾರೆ: ನಾಳೆ ಅವಳು ಗುಡಿಗೆ ಈ ಬಣ್ಣದ ಹೂ ತಂದರೆ ನೀನು ಮದುವೆಯಾಗು, ಆ ಬಣ್ಣದ್ದು ತಂದರೆ ನಾನು.

ನಮ್ಮಲ್ಲಿ ದೇವರ ಬಲಗಡೆ ಹೂ ಬಿದ್ದರೆ ಅಪ್ಪಣೆಯಾಯಿತು ಅನ್ನುತ್ತೇವಲ್ಲ, ಅದೇ ದಾರಿ. ಆದರೆ ಹೂ ಕೇಳುವ ಮೊದಲು ಮನೆಯಲ್ಲಿ ಒಂದಿಷ್ಟು ಮಾತುಕತೆ ಆಗಿರುತ್ತದೆ. ಇಲ್ಲಿ ಅದೂ ಇಲ್ಲ. ಹೂ ಹಿಡಿದು ಬರುವವಳಿಗೆ ತನ್ನ ಮದುವೆ ತನ್ನ ಕೈಯ ಹೂವಲ್ಲಿದೆ ಅಂತಲೇ ಗೊತ್ತಿಲ್ಲ. ಮಾತು ಕದ್ದು ಕೇಳಿಸಿಕೊಂಡ ಶಂಕರನ ತಂಗಿ ಮಂಜುಗೆ ಕೃಷ್ಣನ ಮೇಲೆ ಪ್ರೀತಿ. ಅವಳು ಹೂ ಬದಲಾಯಿಸುತ್ತಾಳೆ. ಅದು ಕೃಷ್ಣನ ಕಣ್ಣಿಗೆ ಬೀಳುತ್ತದೆ. ಶಂಕರನೇ ಮಾಡಿಸಿದ ಅಂದುಕೊಂಡು ಸ್ನೇಹ ಮುರಿಯುತ್ತಾನೆ.

ಈ ಕಾಲದ ಶಕುನಗಳ ಗುಟ್ಟು ಈ ಒಂದೇ ದೃಶ್ಯದಲ್ಲಿದೆ ಅನ್ನುವುದು ನನ್ನ ಎಣಿಕೆ. ಹುಡುಗಿಯನ್ನು ಬಾಯಿಬಿಟ್ಟು ಕೇಳಲು ಮನಸ್ಸಿಲ್ಲದ ಕಡೆ ಹೂವು, ನಕ್ಷತ್ರ, ದೆವ್ವ ಮಾತಾಡಲು ಶುರು ಮಾಡುತ್ತವೆ. ಹೇಗೂ ಅದನ್ನು ಬದಲಾಯಿಸುವ ಕೈ ಮನುಷ್ಯರದ್ದೇ.

ಮೋಹಿನಿ ಸಿಂಧೂರ ಅಂದ್ರೆ ಏನು? ವಶೀಕರಣದ ಪುಡಿನಾ?

'ಸಾಹಿಬ್ ಬೀಬಿ ಔರ್ ಗುಲಾಮ್' (1962) ನೋಡಿದವರೆಲ್ಲ ಕೇಳುವ ಪ್ರಶ್ನೆ. ಬಿಮಲ್ ಮಿತ್ರ ಅವರ ಬಂಗಾಳಿ ಕಾದಂಬರಿ, ಅಬ್ರಾರ್ ಅಲ್ವಿ ನಿರ್ದೇಶನ. ನಿರ್ಮಾಪಕರು ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಗುರುದತ್ ಪಡುಕೋಣೆ. ಭೂತನಾಥನ ಪಾತ್ರವೂ ಅವರದೇ.

ಭೂತನಾಥ ಹಳ್ಳಿಯಿಂದ ಕಲ್ಕತ್ತೆಗೆ ಬಂದು ಮೋಹಿನಿ ಸಿಂಧೂರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಹಚ್ಚಿಕೊಂಡರೆ ಗಂಡ ಒಲಿಯುತ್ತಾನೆ ಅನ್ನುವುದು ಆ ಸಿಂಧೂರದ ಜಾಹೀರಾತು. ತಮಾಷೆ ನೋಡಿ, ಕಾರ್ಖಾನೆಯ ಯಜಮಾನರು ವಿಗ್ರಹಪೂಜೆ ಬಿಟ್ಟ ಬ್ರಹ್ಮಸಮಾಜದವರು. ಹವೇಲಿಯ ಛೋಟಿ ಬಹು, ಅಂದರೆ ಜಮೀನ್ದಾರರ ದೊಡ್ಡ ಮನೆಯ ಕಿರಿಯ ಸೊಸೆ, ರಾತ್ರಿಯ ಹೊತ್ತು ಭೂತನಾಥನನ್ನು ಕರೆಸಿ ಆ ಸಿಂಧೂರ ತರಿಸಿಕೊಳ್ಳುತ್ತಾಳೆ. ಅವಳ ಗಂಡನ ರಾತ್ರಿಗಳೆಲ್ಲ ನಾಚ್‌ವಾಲಿಗಳ ಮನೆಯಲ್ಲಿ. ಛೋಟಿ ಬಹು ಆಗಿ ಮೀನಾ ಕುಮಾರಿ ಸಿಂಗಾರ ಮಾಡಿಕೊಂಡು ಕಾಯುವುದನ್ನು ನೋಡಬೇಕು. ಕನ್ನಡಿ ಮುಂದೆ ಕೂತವಳ ಮುಖದಲ್ಲಿ ಪರೀಕ್ಷೆ ಬರೆದು ಫಲಿತಾಂಶ ಕಾಯುವ ಹುಡುಗಿಯ ಆಸೆ ಇದೆ. ಗಂಡ ನಿಲ್ಲುವುದಿಲ್ಲ.

ಸಿಂಧೂರ ಕೈಕೊಟ್ಟ ಮೇಲೆ ಅವಳಿಗೆ ಉಳಿದ ದಾರಿ ಗಂಡನೇ ಹೇಳಿದ್ದು: ಆ ಹೆಂಗಸರ ಹಾಗೆ ನನ್ನ ಜೊತೆ ಕುಡಿ. ಪತಿವ್ರತೆ ಆಗಲೆಂದೇ ಅವಳು ಕುಡಿಯಲು ಕಲಿಯುತ್ತಾಳೆ. ಕುಡಿತ ಬಿಡುವುದಿಲ್ಲ. ಎಷ್ಟೋ ವರ್ಷದ ಮೇಲೆ ಹಾಳುಬಿದ್ದ ಹವೇಲಿ ಅಗೆಯುವಾಗ ಒಂದು ಅಸ್ಥಿಪಂಜರ ಸಿಗುತ್ತದೆ. ಭೂತನಾಥ ಕೈಬಳೆ ನೋಡಿ ಗುರುತು ಹಿಡಿಯುತ್ತಾನೆ. ವಶೀಕರಣದ ಪುಡಿ ಕೆಲಸ ಮಾಡಲಿಲ್ಲ ಅನ್ನುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಅದನ್ನು ಕೊಳ್ಳುವ ಗತಿ ಅವಳಿಗೆ ಬಂತಲ್ಲ, ಚಿತ್ರ ಇರುವುದು ಅಲ್ಲಿ.

ಸಿನಿಮಾದವರೇ ದೊಡ್ಡ ಮೂಢನಂಬಿಕೆಯವರು ಅಂತಾರಲ್ಲ, ನಿಜವಾ?

ಮುಹೂರ್ತದ ಶಾಟ್ ಇಲ್ಲದೆ, ಕ್ಯಾಮೆರಾ ಮುಂದೆ ತೆಂಗಿನಕಾಯಿ ಒಡೆಯದೆ ಚಿತ್ರ ಶುರುವಾಗುವುದು ಇವತ್ತಿಗೂ ಅಪರೂಪ. ಗಾಂಧಿನಗರದಲ್ಲೂ ಅಷ್ಟೇ. ಜೆ. ಓಂ ಪ್ರಕಾಶ್ ಅವರ ಚಿತ್ರಗಳ ಹೆಸರು ಸಾಮಾನ್ಯವಾಗಿ 'ಆ'ದಿಂದ ಶುರು: 'ಆಸ್ ಕಾ ಪಂಛಿ', 'ಆಯೇ ದಿನ್ ಬಹಾರ್ ಕೇ', 'ಆಪ್ ಕಿ ಕಸಮ್'. ಅವರ ಅಳಿಯ ರಾಕೇಶ್ ರೋಷನ್ ಹಿಡಿದುಕೊಂಡಿದ್ದು 'ಕ' ಅಕ್ಷರ. ಮಾವನ ಅಕ್ಷರ ಅಳಿಯನಿಗೆ ಬರಲಿಲ್ಲ, ಅಭ್ಯಾಸ ಮಾತ್ರ ಬಂತು.

## ನಾಲ್ಕಾರು ಚಿತ್ರ ನೋಡಿ ಆದವರಿಗೆ

'ಮಹಲ್'ನಲ್ಲಿ ದೆವ್ವ ಇದೆಯೋ ಇಲ್ವೋ? ಮನೆಯಲ್ಲಿ ಜಗಳವೇ ಆಗಿದೆ.

ಇಲ್ಲ. ಜಗಳ ನಿಲ್ಲಿಸಿ. ತೋಟದ ಮಾಲಿಯ ಮಗಳು ಆಶಾ, ಹಿಂದೆ ಆ ಹವೇಲಿಯಲ್ಲಿದ್ದು ಸತ್ತ ಕಾಮಿನಿ ಅನ್ನುವವಳ ಪ್ರೇತದ ಹಾಗೆ ನಟಿಸುತ್ತಿರುತ್ತಾಳೆ. ಹವೇಲಿಯ ಹೊಸ ಯಜಮಾನ ಹರಿಶಂಕರ್ ಗೋಡೆಯ ಚಿತ್ರದಲ್ಲಿ ತನ್ನದೇ ಮುಖ ಕಂಡು, ಹಿಂದಿನ ಜನ್ಮದ ಪ್ರೇಮಿ ತಾನೇ ಅಂತ ನಂಬಿಬಿಡುತ್ತಾನೆ. ಕಮಾಲ್ ಅಮ್ರೋಹಿ ನಿರ್ದೇಶಿಸಿದ ಮೊದಲ ಚಿತ್ರವಿದು. ಆಶಾ ಆಗಿ ನಟಿಸಿದ ಮಧುಬಾಲಾಗೆ ಆಗ ಹದಿಹರೆಯ. ಲತಾ ಮಂಗೇಶ್ಕರ್ ಹೆಸರು ಮನೆಮಾತಾಗಿದ್ದೂ ಈ ಚಿತ್ರದ ಹಾಡಿನಿಂದ.

ದೆವ್ವ ಸುಳ್ಳಾದರೂ ಸಾವು ಸುಳ್ಳಲ್ಲ. ಹರಿಶಂಕರ್‌ಗೆ ಮದುವೆಯಾಗಿದೆ. ಹೆಂಡತಿ ರಂಜನಾ ಇಡೀ ಚಿತ್ರದಲ್ಲಿ ಗಂಡನ ಒಂದು ನೋಟಕ್ಕೆ ಕಾಯುತ್ತಾಳೆ, ಕೊನೆಗೆ ವಿಷ ಕುಡಿಯುತ್ತಾಳೆ. ಇಲ್ಲದ ಹೆಣ್ಣಿನ ಹಿಂದೆ ಓಡುವವನಿಗೆ ಇದ್ದ ಹೆಣ್ಣು ಕಾಣಲಿಲ್ಲ. ಎಲ್ಲರೂ ಉಯ್ಯಾಲೆಯ ಮೇಲಿನ ಮಧುಬಾಲಾಳನ್ನು ನೆನೆಯುತ್ತಾರೆ. ಇನ್ನೊಮ್ಮೆ ನೋಡುವಾಗ ರಂಜನಾಳನ್ನು ಗಮನಿಸಿ, ಸಿನಿಮಾ ಬೇರೆಯೇ ಆಗುತ್ತದೆ.

'ವೋ ಕೌನ್ ಥಿ' (1964) ಕೂಡ ಇದೇ ಗುಂಪಿನದು. ಮಳೆಯಲ್ಲಿ ಕಂಡ ಬಿಳಿ ಸೀರೆಯ ಹೆಂಗಸಿನ ಮುಖವೇ ಮದುವಣಗಿತ್ತಿಯ ಸೆರಗಿನ ಒಳಗೂ ಇರುತ್ತದೆ. ಕೊನೆಗೆ ಎಲ್ಲ ಆಸ್ತಿಗಾಗಿ ಹೂಡಿದ ಸಂಚು. ಮುಖ ನೋಡದೆ ಮದುವೆಯಾಗುವ ಪದ್ಧತಿ ಇಲ್ಲದಿದ್ದರೆ ಆ ಸಂಚು ಒಂದು ದಿನವೂ ನಡೆಯುತ್ತಿರಲಿಲ್ಲ. 'ಮಧುಮತಿ'ಯಲ್ಲಿ ಮಾತ್ರ ದೆವ್ವ ನಿಜ. ದೆವ್ವದ ವೇಷ ಹಾಕಬೇಕಿದ್ದ ಹುಡುಗಿ ತಡವಾಗಿ ಬಂದೆ ಅನ್ನುತ್ತಾ ಬಾಗಿಲಲ್ಲಿ ನಿಂತಾಗ, ಇಷ್ಟು ಹೊತ್ತು ಇದ್ದವಳು ಯಾರು ಅಂತ ನಮಗೂ ನಾಯಕನಿಗೂ ಒಟ್ಟಿಗೇ ಹೊಳೆಯುತ್ತದೆ.

ಪುನರ್ಜನ್ಮದ ಪ್ರೇಮಕಥೆಗಳು ಅಷ್ಟೊಂದು ಯಾಕೆ?

'ಮಧುಮತಿ' ಗೆದ್ದಿತು, ಉಳಿದವರು ಬೆನ್ನು ಹತ್ತಿದರು ಅನ್ನುವುದು ಸುಲಭದ ಉತ್ತರ. 'ಮಿಲನ್' (1967) ತೆಲುಗಿನಿಂದ ಬಂದದ್ದು, ಎರಡೂ ಆದುರ್ತಿ ಸುಬ್ಬರಾವ್ ಅವರವೇ. ಅದರಲ್ಲಿ ದೋಣಿ ನಡೆಸುವವನಿಗೂ ಜಮೀನ್ದಾರರ ಮಗಳಿಗೂ ಪ್ರೀತಿ. ಆಮೇಲೆ 'ಮೆಹಬೂಬಾ' (1976), 'ಕುದ್ರತ್' (1981) ಹೀಗೆ.

ನನ್ನ ಉತ್ತರ ಬೇರೆ. ದೋಣಿಯವನು ದೊಡ್ಡ ಮನೆಯ ಹುಡುಗಿಯನ್ನು ಇದೇ ಜನ್ಮದಲ್ಲಿ ಮದುವೆಯಾದರೆ ಯಾರಾದರೂ ಸೋಲಬೇಕು: ಅವಳ ಅಪ್ಪ, ಜಾತಿ, ಇಲ್ಲವೇ ಊರು. ಅವರನ್ನು ಸೋಲಿಸುವ ಬದಲು ಪ್ರೇಮಿಗಳನ್ನು ಸಾಯಿಸಿ, ಮುಂದಿನ ಜನ್ಮದಲ್ಲಿ ಮದುವೆ ಮಾಡಿಸಿಬಿಟ್ಟರೆ ಯಾರಿಗೂ ಮುಜುಗರವಿಲ್ಲ. ಎರಡನೇ ಜನ್ಮದಲ್ಲಿ ಇಬ್ಬರೂ ಒಂದೇ ಅಂತಸ್ತಿನವರಾಗಿ ಹುಟ್ಟಿರುತ್ತಾರೆ ಅನ್ನುವುದನ್ನು ಗಮನಿಸಿದ್ದೀರಾ?

ವಿಧವೆಗೆ ಹೋಳಿ ಬಣ್ಣ ಹಾಕೋ ದೃಶ್ಯ ನಿಜವಾಗ್ಲೂ ಕ್ರಾಂತಿಕಾರಿನಾ?

ಅರ್ಧ. ವಿಧವಾ ಪುನರ್ವಿವಾಹಕ್ಕೆ 1856ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಅಂದರೆ ಸಿನಿಮಾ ನೂರು ವರ್ಷ ತಡ. 'ಕಟಿ ಪತಂಗ್'ನಲ್ಲಿ ರಾಜೇಶ್ ಖನ್ನಾ ಬಿಳಿ ಸೀರೆಯ ಆಶಾ ಪಾರೇಖ್‌ಗೆ ಬಣ್ಣ ಹಚ್ಚಿದಾಗ ಎದೆ ಝಲ್ಲೆನ್ನುತ್ತದೆ, ಒಪ್ಪುತ್ತೇನೆ. ಆದರೆ ಆ ಹುಡುಗಿ ವಿಧವೆಯೇ ಅಲ್ಲ! ಸತ್ತ ಗೆಳತಿಯ ಹೆಸರಲ್ಲಿ ಬದುಕುತ್ತಿರುವ ಅವಿವಾಹಿತೆ. ಪ್ರೇಕ್ಷಕರಿಗೆ ಕ್ರಾಂತಿಯ ರುಚಿಯೂ ಸಿಕ್ಕಿತು, ಸಂಪ್ರದಾಯಕ್ಕೆ ಪೆಟ್ಟೂ ಬೀಳಲಿಲ್ಲ.

ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯಲ್ಲಿ ರಾಧಾ ನಿಜವಾದ ವಿಧವೆ. ಅವಳು ಸಂಜೆ ಜಗಲಿಯ ದೀಪಗಳನ್ನು ಒಂದೊಂದೇ ಆರಿಸುತ್ತಾ ಹೋಗುತ್ತಾಳೆ, ಅತ್ತ ಜೈ ಮೌತ್ ಆರ್ಗನ್ ನುಡಿಸುತ್ತಾನೆ. ಮಾತಿಲ್ಲ. ಅವಳ ಮಾವ ಠಾಕೂರ್ ಅವಳ ಅಪ್ಪನ ಹತ್ತಿರ ಮಾತಾಡಿ ಇಬ್ಬರ ಮದುವೆಗೆ ಒಪ್ಪಿಸುತ್ತಾನೆ. ಅಷ್ಟರಲ್ಲಿ ಜೈ ಸಾಯುತ್ತಾನೆ. ನಿಜವಾದ ವಿಧವೆಗೆ ಮದುವೆ ಮಾಡಿಸಲು ರಾಜ್ ಕಪೂರ್ 'ಪ್ರೇಮ್ ರೋಗ್' (1982) ತೆಗೆಯಬೇಕಾಯಿತು. ಅದಕ್ಕೂ ಮೊದಲು 'ಏಕ್ ಹಿ ರಾಸ್ತಾ'ದಲ್ಲಿ (1956) ಬಿ.ಆರ್. ಚೋಪ್ರಾ ಈ ಮಾತು ಎತ್ತಿದ್ದರು. ಅದನ್ನು ಈಗ ಯಾರೂ ನೆನೆಯುವುದಿಲ್ಲ.

'ಜೈ ಸಂತೋಷಿ ಮಾ' ನೋಡಿ ನಮ್ಮ ಅತ್ತೆ ವ್ರತ ಹಿಡಿದರಂತೆ. ಒಂದು ಸಿನಿಮಾಗೆ ಅಷ್ಟು ಶಕ್ತಿನಾ?

ಇತ್ತು. 1975ರಲ್ಲಿ 'ಶೋಲೆ'ಯ ಜೊತೆಯಲ್ಲೇ ಓಡಿದ ಸಣ್ಣ ಬಜೆಟ್ಟಿನ ಚಿತ್ರ. ಜನ ಚಪ್ಪಲಿ ಬಿಟ್ಟು ಥಿಯೇಟರಿನ ಒಳಗೆ ಹೋಗುತ್ತಿದ್ದರು. 16 ಶುಕ್ರವಾರ, ಬೆಲ್ಲ ಕಡಲೆ ಪ್ರಸಾದ, ಹುಳಿ ಮುಟ್ಟುವಂತಿಲ್ಲ. ಭಕ್ತಿಚಿತ್ರ ಅಂತ ಪಕ್ಕಕ್ಕೆ ಇಡಬೇಡಿ, ಅದರ ಒಳಗಿರುವುದು ಪ್ರೇಮವಿವಾಹದ ಕಥೆ. ಇಷ್ಟಪಟ್ಟವನನ್ನು ಮದುವೆಯಾಗಿ ಬಂದವಳಿಗೆ ಓರಗಿತ್ತಿಯರ ಕಾಟ. ವ್ರತದ ಅಡುಗೆಗೆ ಹುಳಿ ಹಿಂಡುವವರೂ ಅವರೇ. ಗಂಡ ಊರಲ್ಲಿಲ್ಲ. ಅವಳ ಪರವಾಗಿ ನಿಲ್ಲಲು ದೇವಿಯೇ ಬರಬೇಕಾಯಿತು. ನಿಮ್ಮ ಅತ್ತೆಯಂಥ ಸೊಸೆಯರಿಗೆ ಆ ಅಡುಗೆಮನೆ ಚೆನ್ನಾಗಿ ಗೊತ್ತಿತ್ತು.

'ಗೈಡ್'ನಲ್ಲಿ ಕೊನೆಗೆ ಮಳೆ ಬಂದಿದ್ದು ಪವಾಡನಾ?

ವಿಜಯ್ ಆನಂದ್ ಅವರ ಚಿತ್ರದಲ್ಲಿ (1965) ಮಳೆ ಸುರಿಯುತ್ತದೆ. ಆರ್.ಕೆ. ನಾರಾಯಣ್ ಕಾದಂಬರಿಯಲ್ಲಿ ಬಂತೋ ಇಲ್ಲವೋ ಅಂತ ಖಚಿತವಾಗಿ ಹೇಳುವುದಿಲ್ಲ. ಕಾದಂಬರಿಯ ಬೇರು ಇರುವುದು ನಮ್ಮ ಮೈಸೂರಲ್ಲಿ. ಬರ ಬಂದಾಗ ಕಾವೇರಿಯ ಪಾತ್ರದಲ್ಲಿ ಬ್ರಾಹ್ಮಣರು ಮೊಣಕಾಲುದ್ದ ನೀರಲ್ಲಿ ನಿಂತು, ಉಪವಾಸವಿದ್ದು ದಿನಗಟ್ಟಲೆ ಜಪ ಮಾಡಿದ್ದನ್ನೂ, ಹನ್ನೆರಡನೇ ದಿನ ಮಳೆ ಬಂದದ್ದನ್ನೂ ನಾರಾಯಣ್ ನೆನಪಿಸಿಕೊಂಡಿದ್ದಾರೆ.

ಚಿತ್ರದ ನಾಯಕ ರಾಜು, ಊರವರು ಸ್ವಾಮಿ ಅಂತ ನಂಬಿದವನು, ತಾನಾಗಿ ಉಪವಾಸ ಹಿಡಿದವನಲ್ಲ. ಅವನು ಹೇಳಿದ ಕಥೆಯನ್ನು ಊರಿನ ಪೆದ್ದನೊಬ್ಬ ತಿರುವುಮುರುವು ಮಾಡಿ, ಸ್ವಾಮಿಗಳು ಮಳೆ ಬರುವವರೆಗೆ ಊಟ ಮಾಡಲ್ಲ ಅಂತ ಸಾರಿಬಿಡುತ್ತಾನೆ. ಊರು ಕಾಲಿಗೆ ಬೀಳುತ್ತದೆ. ಆಮೇಲೆ ಹಿಂದೆ ಸರಿಯಲು ಜಾಗ ಎಲ್ಲಿ? ನನಗೆ ಇದಕ್ಕಿಂತ ಜಾಸ್ತಿ ಕುತೂಹಲ ಊರಿನ ನ್ಯಾಯದ ಮೇಲೆ. ಗಂಡನ ಮನೆ ಬಿಟ್ಟು ಬಂದ ರೋಸಿಯನ್ನು ಮನೆಯಲ್ಲಿಟ್ಟುಕೊಂಡಾಗ ರಾಜುವನ್ನು ಅವನ ತಾಯಿಯೇ ಬಿಟ್ಟು ಹೋದಳು. ಮೈಮೇಲೆ ಕಾವಿ ಬಿದ್ದ ಮೇಲೆ ಅದೇ ಮನುಷ್ಯ ಜನರಿಗೆ ದೇವರಾದ.

ಇಷ್ಟೆಲ್ಲ ಚಿತ್ರಗಳಲ್ಲಿ ಹುಡುಗಿಯನ್ನು ಯಾರಾದರೂ ಬಾಯಿಬಿಟ್ಟು ಕೇಳಿದ್ದಾರಾ?

'ಪಾಕೀಜಾ'ದಲ್ಲಿ (1972) ಕೇಳುತ್ತಾರೆ. ನಿಕಾಹ್‌ನಲ್ಲಿ ಹೆಣ್ಣಿನ ಒಪ್ಪಿಗೆ ಕೇಳಲೇಬೇಕು, ಅವಳು ಕಬೂಲ್ ಅನ್ನದೆ ಮುಂದೆ ಹೋಗುವಂತಿಲ್ಲ. ನಾಯಕ ಸಲೀಂ ರೈಲಿನಲ್ಲಿ ಮಲಗಿದ್ದ ನಾಯಕಿ ಸಾಹಿಬ್‌ಜಾನ್‌ಳ ಪಾದ ನೋಡಿ, ನೆಲಕ್ಕೆ ಇಡಬೇಡಿ, ಕೊಳೆಯಾಗುತ್ತವೆ ಅಂತ ಚೀಟಿ ಬರೆದಿಟ್ಟು ಹೋದವನು. ಅವಳು ತವಾಯಿಫ್, ಅಂದರೆ ಹಾಡಿ ಕುಣಿದು ಬದುಕುವ ನಾಚ್‌ವಾಲಿ, ಅಂತ ಗೊತ್ತಾದ ಮೇಲೂ ಮದುವೆಗೆ ಕರೆತರುತ್ತಾನೆ. ಮೌಲ್ವಿ ಹೆಸರು ಕೇಳಿದಾಗ 'ಪಾಕೀಜಾ' ಅಂತ ಅವನೇ ಹೊಸ ಹೆಸರು ಕೊಡುತ್ತಾನೆ. ಮೌಲ್ವಿ ಒಪ್ಪಿಗೆ ಕೇಳುತ್ತಾರೆ. ಸಾಹಿಬ್‌ಜಾನ್ 'ಇಲ್ಲ' ಅಂತ ಕೂಗಿ ಮೆಟ್ಟಿಲಿಳಿದು ಓಡಿಹೋಗುತ್ತಾಳೆ.

ತನ್ನ ಹೆಸರಿನ ಕಳಂಕ ಅವನಿಗೆ ತಾಗುತ್ತದೆ ಅನ್ನುವ ಭಯ ಅವಳದು. ಅದು ಊರು ತುಂಬಿದ ಭಯ ಅಂತ ಕೆಲವರು ವಾದಿಸುತ್ತಾರೆ, ಅದೂ ಸರಿಯೇ. ಮುಂದೆ ಅವನ ಮದುವೆಯಲ್ಲೇ ಒಡೆದ ಗಾಜಿನ ಮೇಲೆ ಕುಣಿಯುವುದೂ ಅವೇ ಪಾದಗಳು. ಬೇರೆ ಚಿತ್ರಗಳ ನಾಯಕಿಯರು ಹೂವಿಗೂ ದೆವ್ವಕ್ಕೂ ತಮ್ಮ ಮಾತು ಬಿಟ್ಟುಕೊಟ್ಟಿದ್ದನ್ನು ನೋಡಿದವರು ಈ 'ಇಲ್ಲ' ಇರುವ ದೃಶ್ಯಕ್ಕಾದರೂ 'ಪಾಕೀಜಾ' ನೋಡಬೇಕು. ಹಾಡುಗಳು ಹೇಗೂ ಇವೆ.